ಮೂರು ಅಕ್ಷರ, ಎರಡು ಸಲ

1929ರ ಜನವರಿ. ಪೋಲೆಂಡಿನ ಪೋಜ್ನಾನ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದುತ್ತಿದ್ದ ಕೆಲವು ಹುಡುಗರನ್ನು ಆರಿಸಿ ಒಂದು ಕೋರ್ಸಿಗೆ ಸೇರಿಸಿದರು. ಹೊರಗೆ ಯಾರ ಹತ್ರಾನೂ ಅದರ ಬಗ್ಗೆ ಬಾಯಿ ಬಿಡೋ ಹಾಗಿಲ್ಲ. ಅರ್ಹತೆ ಎರಡೇ: ಗಣಿತ ಚೆನ್ನಾಗಿ ಬರಬೇಕು, ಜರ್ಮನ್ ಭಾಷೆ ಬರಬೇಕು. ಪಾಠ ಮಾಡಲು ವಾರ್ಸಾದಿಂದ ಬರುತ್ತಿದ್ದವರು ಪ್ರೊಫೆಸರುಗಳಲ್ಲ, ಸೈನ್ಯದ ಗೂಢಲಿಪಿ ವಿಭಾಗದವರು.

ಆ ಬೆಂಚುಗಳ ಮೇಲೆ ಕೂತಿದ್ದವರಲ್ಲಿ ಮಾರಿಯನ್ ರೆಯೆಫ್‌ಸ್ಕಿ ಒಬ್ಬ. ಹುಟ್ಟಿದ್ದು 1905ರ ಆಗಸ್ಟ್ 16ರಂದು, ಬಿದ್‌ಗೋಶ್ಚ್ ಎಂಬ ಊರಲ್ಲಿ. ತಂದೆ ಹೊಗೆಸೊಪ್ಪಿನ ವ್ಯಾಪಾರಿ. ಆಗ ಭೂಪಟದಲ್ಲಿ ಪೋಲೆಂಡ್ ಅನ್ನೋ ದೇಶವೇ ಇರಲಿಲ್ಲ, ಅವನ ಊರು ಜರ್ಮನಿಯ ಕೈಯಲ್ಲಿತ್ತು. ಹಾಗಾಗಿ ಶಾಲೆಯಲ್ಲಿ ಕಲಿತದ್ದು ಜರ್ಮನ್. ಮುಂದೆ ಆ ಭಾಷೆಯೇ ಜರ್ಮನರಿಗೆ ದುಬಾರಿಯಾಯಿತು.

ಗೂಢಲಿಪಿ ಒಡೆಯಬೇಕು, ದೇಶ ಉಳಿಸಬೇಕು ಅಂತೆಲ್ಲ ಅವನಿಗೆ ಕನಸಿರಲಿಲ್ಲ. ಡಿಗ್ರಿ ಮುಗಿದ ಕೂಡಲೇ ಜರ್ಮನಿಯ ಗಾಟಿಂಗನ್‌ಗೆ ಹೋದ, ಒಂದು ವರ್ಷ ವಿಮೆಗೆ ಬೇಕಾದ ಸಂಖ್ಯಾಶಾಸ್ತ್ರ ಓದಿದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಳ್ಳೆ ಪ್ಲೇಸ್‌ಮೆಂಟ್ ಆಗೋ ಬ್ರಾಂಚ್ ನೋಡಿಕೊಂಡಿದ್ದ. 1930ರ ಬೇಸಿಗೆಯಲ್ಲಿ ವಾಪಸ್ ಬಂದು ಪೋಜ್ನಾನ್‌ನಲ್ಲೇ ಸಹಾಯಕ ಅಧ್ಯಾಪಕನಾದ. ಜೊತೆಗೆ ಗೂಢಲಿಪಿ ವಿಭಾಗ ಅಲ್ಲಿ ತೆರೆದಿದ್ದ ಚಿಕ್ಕ ಶಾಖೆಯಲ್ಲಿ ವಾರಕ್ಕೆ ಕೆಲವು ಗಂಟೆ ಕೆಲಸ. 1932ರ ಸೆಪ್ಟೆಂಬರ್ 1ಕ್ಕೆ ಆ ಶಾಖೆ ಮುಚ್ಚಿಹೋಗಿ, ಅವನೂ ಅದೇ ಕೋರ್ಸಿನ ಇನ್ನಿಬ್ಬರು ಗೆಳೆಯರೂ, ಅಂದ್ರೆ ಹೆನ್ರಿಕ್ ಜಿಗಾಲ್‌ಸ್ಕಿ ಮತ್ತು ಯೆರ್ಜಿ ರುಜಿತ್‌ಸ್ಕಿ, ವಾರ್ಸಾದ ಸ್ಯಾಕ್ಸನ್ ಅರಮನೆಯಲ್ಲಿದ್ದ ಕೇಂದ್ರ ಕಚೇರಿಗೆ ಬಂದರು.

ಕೆಲವೇ ವಾರ ಕಳೆದಿತ್ತು. ರೆಯೆಫ್‌ಸ್ಕಿಯನ್ನು ಒಬ್ಬನನ್ನೇ ಕರೆದು, ಬೇರೆ ಕೋಣೆಯಲ್ಲಿ ಕೂರಿಸಿ, ಒಂದು ಕಟ್ಟು ಕಾಗದ ಕೊಟ್ಟರು. ಜರ್ಮನ್ ಸೈನ್ಯ ರೇಡಿಯೋದಲ್ಲಿ ಕಳಿಸುತ್ತಿದ್ದ ಎನಿಗ್ಮಾ ಸಂದೇಶಗಳು. ಇನ್ನಿಬ್ಬರಿಗೂ ಹೇಳಕೂಡದು ಅನ್ನೋದು ಷರತ್ತು. ಅವನಿಗಿಂತ ಮೊದಲು ನೋಡಿದವರು ಇದು ಆಗದ ಕೆಲಸ ಅಂತ ಕೈ ಬಿಟ್ಟಿದ್ದರು.

ಎನಿಗ್ಮಾ ಬಗ್ಗೆ ಸಿನಿಮಾ ನೋಡಿರೋರಿಗೆ ಟ್ಯೂರಿಂಗ್ ಗೊತ್ತು, ಬ್ಲೆಚ್ಲಿ ಪಾರ್ಕ್ ಗೊತ್ತು. ಆದರೆ ಆ ಯಂತ್ರದ ಹೊಟ್ಟೆಯೊಳಗಿನ ತಂತಿಗಳನ್ನು ಮೊದಲು ಲೆಕ್ಕ ಹಾಕಿ ಕಂಡುಹಿಡಿದದ್ದು ಈ ಇಪ್ಪತ್ತೇಳರ ಹುಡುಗ, ಪೆನ್ಸಿಲ್ ಹಿಡಿದು. ಅವನಿಗೆ ಬಾಗಿಲು ತೆರೆದುಕೊಟ್ಟದ್ದು ಯಂತ್ರದ ದೋಷ ಅಂತ ಹೇಳೋದು ಪೂರ್ತಿ ಸರಿಯಲ್ಲ. ದೋಷ ಇದ್ದದ್ದು ಗುಟ್ಟಿನ ಕೀಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸೋ ರೀತಿಯಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಅವನ ಬದುಕಿನ ಗಟ್ಟಿ ಭಾಗ ಇರೋದು ಅಲ್ಲೇ.

ಎನಿಗ್ಮಾ ನೋಡೋಕೆ ಟೈಪ್‌ರೈಟರ್ ಥರ. ಒಂದು ಕೀ ಒತ್ತಿದರೆ ಕರೆಂಟು ಮುಂದಿನ ಪ್ಲಗ್‌ಬೋರ್ಡ್ ದಾಟಿ, ಮೂರು ತಿರುಗುವ ಚಕ್ರಗಳೊಳಗೆ ಹಾದು, ಕೊನೆಯ ಪ್ರತಿಫಲಕಕ್ಕೆ ಬಡಿದು, ಬೇರೆ ದಾರಿಯಲ್ಲಿ ಹಿಂದಿರುಗಿ ಇನ್ನೊಂದು ಅಕ್ಷರದ ಬಲ್ಬು ಹತ್ತಿಸುತ್ತೆ. ಪ್ರತಿ ಸಲ ಒತ್ತಿದಾಗಲೂ ಬಲಗಡೆಯ ಚಕ್ರ ಒಂದು ಹೆಜ್ಜೆ ಮುಂದೆ ಹೋಗುತ್ತೆ. ಹಾಗಾಗಿ ಒಂದೇ ಅಕ್ಷರ ಎರಡು ಸಲ ಒತ್ತಿದರೂ ಬರೋ ಉತ್ತರ ಬೇರೆ. ಪ್ರತಿಫಲಕ ಇರೋದ್ರಿಂದ ಇನ್ನೊಂದು ಗುಣವೂ ಬರುತ್ತೆ: ಒಂದು ಸ್ಥಿತಿಯಲ್ಲಿ ಎ ಒತ್ತಿದಾಗ ಕೆ ಬಂದರೆ, ಅದೇ ಸ್ಥಿತಿಯಲ್ಲಿ ಕೆ ಒತ್ತಿದಾಗ ಎ ಬರಲೇಬೇಕು. ಬರೆಯೋಕೂ ಓದೋಕೂ ಒಂದೇ ಯಂತ್ರ ಸಾಕು ಅನ್ನೋ ಅನುಕೂಲಕ್ಕೆ ಹೀಗೆ ಮಾಡಿದ್ದರು.

ಈಗ ಲಾಗಿನ್ ಸಮಸ್ಯೆ. ಕಳಿಸುವವನು ಮತ್ತು ಪಡೆಯುವವನು ಇಬ್ಬರೂ ಚಕ್ರಗಳನ್ನು ಒಂದೇ ಸ್ಥಾನದಿಂದ ಶುರು ಮಾಡಬೇಕು, ಇಲ್ಲದಿದ್ದರೆ ಓದೋಕಾಗಲ್ಲ. ದಿನದ ಎಲ್ಲಾ ಸಂದೇಶಗಳೂ ಒಂದೇ ಸ್ಥಾನದಿಂದ ಶುರುವಾದರೆ ಅಪಾಯ ಅಂತ ಜರ್ಮನರಿಗೂ ಗೊತ್ತಿತ್ತು. ಅದಕ್ಕೆ ಪ್ರತಿ ಸಂದೇಶಕ್ಕೂ ಬೇರೆ ಬೇರೆ ಕೀ ಇರಲಿ ಎಂದರು. ಆಪರೇಟರ್ ತನಗೆ ತೋಚಿದ ಮೂರು ಅಕ್ಷರ ಆರಿಸಿಕೊಳ್ಳಬೇಕು, ಅದು ಆ ಸಂದೇಶದ ಕೀ. ಆದರೆ ಅದನ್ನು ಆ ಕಡೆಯವನಿಗೆ ತಲುಪಿಸೋದು ಹೇಗೆ? ಗಾಳಿಯಲ್ಲಿ ಹಾಗೇ ಬಿಟ್ಟರೆ ಎಲ್ಲರಿಗೂ ಕೇಳಿಸುತ್ತೆ. ಸರಿ, ಅದನ್ನೂ ಎನಿಗ್ಮಾದಲ್ಲೇ ಸುತ್ತಿ ಕಳಿಸೋಣ ಅಂತ ನಿರ್ಧಾರವಾಯಿತು. ಅವತ್ತಿನ ಕೋಡ್ ಹಾಳೆಯಲ್ಲಿ ಮುದ್ರಿಸಿದ್ದ ಸಾಮಾನ್ಯ ಸ್ಥಾನಕ್ಕೆ ಚಕ್ರಗಳನ್ನಿಟ್ಟು ಆ ಮೂರು ಅಕ್ಷರ ಟೈಪ್ ಮಾಡೋದು. ರೇಡಿಯೋದಲ್ಲಿ ಗೊರಗೊರ ಸದ್ದು ಜಾಸ್ತಿ, ಒಂದು ಅಕ್ಷರ ತಪ್ಪಿ ಕೇಳಿಸಿದರೂ ಇಡೀ ಸಂದೇಶ ಹಾಳು. ಆದ್ದರಿಂದ ಅದೇ ಮೂರು ಅಕ್ಷರಗಳನ್ನು ಎರಡು ಸಲ ಟೈಪ್ ಮಾಡೋದು. ಹೊರಬರುವ ಆರು ಅಕ್ಷರ ಸಂದೇಶದ ತಲೆಗೆ. ಆಮೇಲೆ ಚಕ್ರಗಳನ್ನು ತಾನು ಆರಿಸಿದ ಸ್ಥಾನಕ್ಕೆ ತಿರುಗಿಸಿ ನಿಜವಾದ ಸಂದೇಶ.

ನಮ್ಮ ಕ್ಯಾಂಪಸ್ ವೈಫೈಗಳಲ್ಲಿ ಯೂಸರ್‌ನೇಮ್ ಪಾಸ್‌ವರ್ಡ್ ಕೇಳೋ ಜಾತಿಯದ್ದು ಮಾಡೋದೂ ರೂಪದಲ್ಲಿ ಇದೇ ಕೆಲಸ. ಫೋನು ಮೊದಲು ದೃಢೀಕರಣ ಸರ್ವರ್ ಜೊತೆ ಒಂದು ಟಿಎಲ್‌ಎಸ್ ಸುರಂಗ ಕಟ್ಟುತ್ತೆ, ಆ ಸುರಂಗದೊಳಗೆ ಮಾತ್ರ ನಿಮ್ಮ ಗುರುತು ಸಾಗುತ್ತೆ. ಸುರಂಗದ ಗೋಡೆ ಎಷ್ಟೇ ಗಟ್ಟಿ ಇರಲಿ, ಆ ತುದಿಯಲ್ಲಿ ಯಾರಿದ್ದಾರೆ ಅಂತ ಸರ್ಟಿಫಿಕೇಟ್ ನೋಡದೆ, ಸೆಟಿಂಗ್ಸಿನಲ್ಲಿ ಪರಿಶೀಲನೆ ಬೇಡ ಅಂತ ಒತ್ತಿಬಿಟ್ಟರೆ, ಅದೇ ಹೆಸರಿನ ನಕಲಿ ವೈಫೈ ಇಟ್ಟವನ ಜೊತೆಗೂ ಅಷ್ಟೇ ಗಟ್ಟಿಯಾದ ಸುರಂಗ ಕಟ್ಟಿಕೊಳ್ಳುತ್ತೆ. ಹಾಸ್ಟೆಲಿನಲ್ಲಿ ಎಷ್ಟು ಜನ ಅದನ್ನು ನೋಡ್ತಾರೆ ಅಂತ ಕೇಳಬೇಡಿ. ಇರಲಿ, ವಾರ್ಸಾಗೆ ಹೋಗೋಣ.

ರೆಯೆಫ್‌ಸ್ಕಿ ಕೈಯಲ್ಲಿದ್ದದ್ದು ಆ ತಲೆಯ ಆರು ಅಕ್ಷರಗಳು ಮಾತ್ರ. ಮೂಲ ಅಕ್ಷರ ಯಾವುದು ಗೊತ್ತಿಲ್ಲ, ಯಂತ್ರದ ತಂತಿ ಹೇಗಿದೆ ಗೊತ್ತಿಲ್ಲ. ಆದರೆ ಒಂದು ವಿಷಯ ಗೊತ್ತು: ಮೊದಲನೆಯ ಮತ್ತು ನಾಲ್ಕನೆಯ ಅಕ್ಷರದ ಹಿಂದೆ ಇರೋದು ಒಂದೇ ಅಕ್ಷರ. ಎರಡಕ್ಕೆ ಐದು, ಮೂರಕ್ಕೆ ಆರು, ಹಾಗೇ.

ಒಂದು ಸಂದೇಶದಲ್ಲಿ ಮೊದಲನೆಯದು ಡಿ, ನಾಲ್ಕನೆಯದು ವಿ ಅಂತ ಇಟ್ಟುಕೊಳ್ಳಿ. ಗುಟ್ಟಿನ ಅಕ್ಷರ ಏನೋ ಇರಲಿ. ಮೊದಲ ಸ್ಥಿತಿಯಲ್ಲಿ ಅದು ಡಿ ಆಯಿತು. ಯಂತ್ರ ಹಿಂದೆ ಮುಂದೆ ಒಂದೇ ಥರ ಇರೋದ್ರಿಂದ ಡಿಯಿಂದ ಆ ಅಕ್ಷರಕ್ಕೆ ಹೋಗಬಹುದು, ಅಲ್ಲಿಂದ ನಾಲ್ಕನೆಯ ಸ್ಥಿತಿಯಲ್ಲಿ ವಿಗೆ ಬರಬಹುದು. ಅಂದರೆ ಎರಡೂ ಸ್ಥಿತಿಗಳನ್ನು ಸೇರಿಸಿದರೆ ಡಿಯಿಂದ ವಿಗೆ ಒಂದು ಬಾಣ. ಅದೇ ದಿನದ ಇನ್ನೊಂದು ಸಂದೇಶದಲ್ಲಿ ಮೊದಲನೆಯದು ವಿ, ನಾಲ್ಕನೆಯದು ಪಿ. ಮತ್ತೊಂದರಲ್ಲಿ ಪಿಯಿಂದ ಎಫ್. ಹೀಗೆ ಪೋಣಿಸುತ್ತಾ ಹೋದರೆ ಸರಪಳಿ ಸುತ್ತಿ ಬಂದು ಮತ್ತೆ ಡಿಗೇ ಸೇರುತ್ತೆ. ದಿನಕ್ಕೆ ಸುಮಾರು 80 ಸಂದೇಶ ಸಿಕ್ಕರೆ 26 ಅಕ್ಷರಗಳೂ ಯಾವುದಾದರೂ ಒಂದು ಸರಪಳಿಯಲ್ಲಿ ಕೂತಿರುತ್ತವೆ. ಅವನೇ ಮುಂದೆ ತನ್ನ ಲೇಖನದಲ್ಲಿ ಕೊಟ್ಟ ಉದಾಹರಣೆಯಲ್ಲಿ ಸರಪಳಿಗಳ ಉದ್ದ 10, 10, 2, 2, 1, 1. ಯಾವಾಗಲೂ ಹೀಗೆ ಜೋಡಿ ಜೋಡಿಯಾಗೇ ಬರುತ್ತವೆ, ಅದಕ್ಕೊಂದು ಪ್ರಮೇಯ ಇದೆ.

ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲಿ ಪರ್ಮ್ಯುಟೇಶನ್ನು, ಸೈಕಲ್ಲು ಅಂತ ಐದು ಮಾರ್ಕ್ಸಿಗೆ ಬರೀತೀವಲ್ಲ, ಅದೇ ಇದು. ಇಲ್ಲಿಂದ ಮುಂದೆ ನಡೆದದ್ದು ನನ್ನ ಪ್ರಕಾರ ಇಡೀ ಕತೆಯ ಸೊಗಸು. ಎನಿಗ್ಮಾದ ಬಲ ಇದ್ದದ್ದು ಪ್ಲಗ್‌ಬೋರ್ಡಿನಲ್ಲಿ ಅಂತ ಜರ್ಮನರು ನಂಬಿದ್ದರು. ಆರು ವೈರುಗಳಿಂದ ಆರು ಜೋಡಿ ಅಕ್ಷರಗಳನ್ನು ಅದಲು ಬದಲು ಮಾಡೋಕೆ ಇರುವ ದಾರಿಗಳು 100,391,791,500, ಅಂದರೆ ಹತ್ತು ಸಾವಿರ ಕೋಟಿಗೂ ಮೇಲೆ. ಆದರೆ ಪ್ಲಗ್‌ಬೋರ್ಡ್ ಮಾಡೋದು ಅಕ್ಷರಗಳ ಹೆಸರು ಬದಲಿಸೋ ಕೆಲಸ ಅಷ್ಟೇ. ಸರಪಳಿಯ ಮೇಲಿನ ಚೀಟಿಗಳು ಬದಲಾಗುತ್ತವೆ, ಸರಪಳಿಯ ಉದ್ದ ಬದಲಾಗಲ್ಲ. ಉದ್ದಗಳನ್ನು ಮಾತ್ರ ನೋಡಿದರೆ ಆ ಹತ್ತು ಸಾವಿರ ಕೋಟಿ ಲೆಕ್ಕದಿಂದ ಹಾಗೇ ಉದುರಿಹೋಗುತ್ತೆ.

ಸರಪಳಿಯಿಂದ ಗುಟ್ಟಿನ ಅಕ್ಷರ ಹೊರತೆಗೆಯೋಕೆ ಇನ್ನೊಂದು ಸಹಾಯ ಬೇಕಿತ್ತು, ಅದನ್ನು ಕೊಟ್ಟದ್ದು ಮನುಷ್ಯರ ಸೋಮಾರಿತನ. ತೋಚಿದ ಮೂರು ಅಕ್ಷರ ಆರಿಸು ಅಂದರೆ ಆಪರೇಟರ್‌ಗಳಿಗೆ ತೋಚುತ್ತಿದ್ದದ್ದು ಎಎಎ, ಬಿಬಿಬಿ. ಅದನ್ನು ನಿಷೇಧಿಸಿದಾಗ ಕೀಬೋರ್ಡಿನಲ್ಲಿ ಅಕ್ಕಪಕ್ಕ ಇರೋ ಮೂರು ಅಕ್ಷರ. ಇವತ್ತಿಗೂ ಪಾಸ್‌ವರ್ಡ್ ವಿಷಯದಲ್ಲಿ ನಾವು ಅಲ್ಲಿಂದ ಬಹಳ ಮುಂದೆ ಬಂದಿಲ್ಲ.

ಇಷ್ಟಾದರೂ ಚಕ್ರಗಳೊಳಗಿನ ತಂತಿ ಗೊತ್ತಿರಲಿಲ್ಲ. ಸಮೀಕರಣಗಳನ್ನು ಬರೆದಿಟ್ಟ, ಆದರೆ ಅಜ್ಞಾತಗಳು ಜಾಸ್ತಿ. ಡಿಸೆಂಬರಿನಲ್ಲಿ ಮೇಲಧಿಕಾರಿ ಅವನಿಗೆ ಕೆಲವು ಕಾಗದಗಳನ್ನು ಕೊಟ್ಟರು. ಜರ್ಮನಿಯ ಗೂಢಲಿಪಿ ಕಚೇರಿಯಲ್ಲೇ ಕೆಲಸ ಮಾಡುತ್ತಿದ್ದ ಹಾನ್ಸ್ ಥಿಲೋ ಶ್ಮಿಟ್ ಎಂಬವನು ದುಡ್ಡಿಗೆ ಮಾರಿಕೊಂಡಿದ್ದ ದಾಖಲೆಗಳವು. ಫ್ರೆಂಚ್ ಗುಪ್ತಚರ ಇಲಾಖೆಯ ಗುಸ್ತಾವ್ ಬೆರ್ತ್ರಾಂ ಮೂಲಕ ವಾರ್ಸಾ ತಲುಪಿದ್ದವು. 1932ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ದಿನದಿನದ ಸೆಟಿಂಗುಗಳು ಅದರಲ್ಲಿದ್ದವು. ಪ್ಲಗ್‌ಬೋರ್ಡ್ ಗೊತ್ತಾದ ಮೇಲೆ ಅದು ಅಜ್ಞಾತಗಳ ಪಟ್ಟಿಯಿಂದ ಹೋಯಿತು. ಆದರೂ ಉತ್ತರ ಬರಲಿಲ್ಲ.

ಸಿಕ್ಕಿಹಾಕಿಕೊಂಡದ್ದು ಒಂದು ಸಣ್ಣ ಜಾಗದಲ್ಲಿ. ಕೀಬೋರ್ಡಿನಿಂದ ಬರುವ 26 ತಂತಿಗಳು ಚಕ್ರಗಳ ಬಾಗಿಲಿಗೆ ಯಾವ ಕ್ರಮದಲ್ಲಿ ಸೇರುತ್ತವೆ? ಅಂಗಡಿಯಲ್ಲಿ ಮಾರುತ್ತಿದ್ದ ವ್ಯಾಪಾರಿ ಎನಿಗ್ಮಾದಲ್ಲಿ ಕೀಬೋರ್ಡಿನ ಕ್ರಮದಲ್ಲೇ ಇತ್ತು. ಸೈನ್ಯದ್ದೂ ಹಾಗೇ ಇರಬೇಕು ಅಂದುಕೊಂಡು ದಿನಗಟ್ಟಲೆ ಲೆಕ್ಕ ಮಾಡಿದ, ಎಲ್ಲ ವ್ಯರ್ಥ. ಆಮೇಲೆ ಜರ್ಮನರ ಸ್ವಭಾವ ನೆನೆದು ಒಂದು ಊಹೆ ಮಾಡಿದ. ಶಿಸ್ತಿನ ಜನ, ಸುಮ್ಮನೆ ವರ್ಣಮಾಲೆಯ ಕ್ರಮದಲ್ಲೇ ಜೋಡಿಸಿರಬಹುದಲ್ಲ? ಎಯಿಂದ ಎ, ಬಿಯಿಂದ ಬಿ. ಹಾಕಿ ನೋಡಿದ, ಚಕ್ರದ ತಂತಿಗಳು ಪೆನ್ಸಿಲಿನಿಂದ ಒಂದೊಂದಾಗಿ ಹೊರಬಂದವು. ಆ ಎರಡು ತಿಂಗಳು ಬೇರೆ ಬೇರೆ ತ್ರೈಮಾಸಿಕಗಳಿಗೆ ಸೇರಿದ್ದು ಅದೃಷ್ಟ. ಚಕ್ರಗಳ ಸಾಲು ಆಗ ಮೂರು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಬಲಗಡೆ ಇದ್ದ ಚಕ್ರ ಎರಡು ತಿಂಗಳಲ್ಲಿ ಎರಡು ಬೇರೆ, ಹಾಗಾಗಿ ಎರಡು ಚಕ್ರಗಳು ಸಿಕ್ಕವು. ಮೂರನೆಯದು, ಪ್ರತಿಫಲಕ, ಇವೆರಡು ಅದರ ಹಿಂದೆಯೇ. 1932 ಮುಗಿಯುವ ಹೊತ್ತಿಗೆ ಯಂತ್ರ ಕಾಗದದ ಮೇಲೆ ಸಿದ್ಧ. ಜನವರಿಯಲ್ಲಿ ಸಂದೇಶ ಓದತೊಡಗಿದರು, ಆಗ ಗೆಳೆಯರಿಬ್ಬರೂ ಜೊತೆಗೂಡಿದರು. ಅದೇ ತಿಂಗಳ 30ಕ್ಕೆ ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ.

ಮುಂದಿನ ಆರು ವರ್ಷ ಬೆಕ್ಕು ಇಲಿ ಆಟ. 1934ರಲ್ಲಿ ರೆಯೆಫ್‌ಸ್ಕಿ ಇರೆನಾಳನ್ನು ಮದುವೆಯಾದ, 1936ರಲ್ಲಿ ಮಗ ಆಂದ್ಜೆ, 1939ರಲ್ಲಿ ಮಗಳು ಯಾನಿನಾ. ಕಚೇರಿಯಲ್ಲಿ ಅವನು ಸೈಕ್ಲೋಮೀಟರ್ ಎಂಬ ಉಪಕರಣ ರೂಪಿಸಿದ. ಮೂರು ಚಕ್ರಗಳನ್ನು ಜೋಡಿಸೋ 6 ಬಗೆ, ಪ್ರತಿಯೊಂದಕ್ಕೂ 17,576 ಸ್ಥಾನ, ಒಟ್ಟು 105,456. ಪ್ರತಿಯೊಂದಕ್ಕೂ ಸರಪಳಿಯ ಉದ್ದ ಏನು ಅಂತ ಕಾರ್ಡುಗಳಲ್ಲಿ ಬರೆದಿಡೋಕೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಆಮೇಲೆ ಅವತ್ತಿನ ಸರಪಳಿ ನೋಡಿ, ಕಾರ್ಡು ಹುಡುಕಿ, ಸ್ವಲ್ಪ ಹೊತ್ತಿನಲ್ಲೇ ಕೀ ಕೈಗೆ. ಈಗಿನವರು ಇದನ್ನು ಲುಕ್‌ಅಪ್ ಟೇಬಲ್ ಅಂತಾರೆ. 1937ರ ನವೆಂಬರ್ 1ಕ್ಕೆ ಜರ್ಮನರು ಪ್ರತಿಫಲಕ ಬದಲಿಸಿದರು. ಎಲ್ಲ ಕಾರ್ಡೂ ರದ್ದಿ. ಮತ್ತೆ ಮೊದಲಿನಿಂದ ಬರೆದರು. 1938ರ ಜನವರಿಯಲ್ಲಿ ಎರಡು ವಾರ ಲೆಕ್ಕ ಇಟ್ಟು ನೋಡಿದಾಗ, ಹಿಡಿದ ಎನಿಗ್ಮಾ ಸಂದೇಶಗಳಲ್ಲಿ ಮುಕ್ಕಾಲು ಪಾಲು ಓದಲು ಸಾಧ್ಯವಾಗುತ್ತಿತ್ತು.

1938ರ ಸೆಪ್ಟೆಂಬರ್ 15ಕ್ಕೆ ಜರ್ಮನರು ದೊಡ್ಡ ತಿದ್ದುಪಡಿ ಮಾಡಿದರು. ಇಡೀ ದಿನ ಎಲ್ಲರಿಗೂ ಒಂದೇ ಆರಂಭ ಸ್ಥಾನ ಅನ್ನೋದು ಹೋಯಿತು, ಪ್ರತಿ ಆಪರೇಟರ್ ತಾನೇ ಒಂದನ್ನು ಆರಿಸಬೇಕು. ಸರಪಳಿ ಕಟ್ಟೋಕೆ ಆಧಾರವೇ ಇಲ್ಲ. ಆದರೆ ಮೂರು ಅಕ್ಷರಗಳನ್ನು ಎರಡು ಸಲ ಸುತ್ತೋದನ್ನು ಮಾತ್ರ ಬಿಡಲಿಲ್ಲ! ಕೆಲವೊಮ್ಮೆ ಮೊದಲನೆಯ ಮತ್ತು ನಾಲ್ಕನೆಯ ಜಾಗದಲ್ಲಿ ಒಂದೇ ಅಕ್ಷರ ಬೀಳುತ್ತಿತ್ತು. ಎಲ್ಲ ಚಕ್ರಸ್ಥಾನಗಳಲ್ಲೂ ಹಾಗಾಗೋಕೆ ಸಾಧ್ಯವಿಲ್ಲ, ಆದ್ದರಿಂದ ಅದೇ ಸುಳಿವು. ಜಿಗಾಲ್‌ಸ್ಕಿ ರಂಧ್ರ ಕೊರೆದ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕು ತೂರಿಬರುವ ಜಾಗ ಹುಡುಕುವ ವಿಧಾನ ಕಂಡುಹಿಡಿದ. ಒಂದೊಂದು ಹಾಳೆಗೂ ಸುಮಾರು ಸಾವಿರ ತೂತು, ಬ್ಲೇಡಿನಲ್ಲಿ ಕೈಯಿಂದ ಕತ್ತರಿಸಬೇಕು. ರೆಯೆಫ್‌ಸ್ಕಿ ಬಾಂಬಾ ಎಂಬ ಯಂತ್ರ ರೂಪಿಸಿದ. ವಿದ್ಯುತ್ತಿನಿಂದ ಓಡುವ, ಎಲ್ಲ ಸ್ಥಾನಗಳನ್ನೂ ತಾನೇ ತಿರುಗಿಸಿ ನೋಡುವ ಯಂತ್ರ. ವಾರ್ಸಾದ ಆವಾ ಕಾರ್ಖಾನೆ ಆರು ಬಾಂಬಾಗಳನ್ನು ಕಟ್ಟಿಕೊಟ್ಟಿತು, ಆರು ಚಕ್ರಸಾಲುಗಳಿಗೆ ಆರು. ಎರಡು ಗಂಟೆಯೊಳಗೆ ಉತ್ತರ.

ಆ ಖುಷಿ ಡಿಸೆಂಬರ್ 15ರವರೆಗೆ. ಅವತ್ತು ಇನ್ನೆರಡು ಚಕ್ರ ಬಂದವು, ಐದರಲ್ಲಿ ಯಾವುದಾದರೂ ಮೂರು. ಆರರ ಬದಲು 60 ಸಾಲು. ಹೊಸ ಚಕ್ರಗಳ ತಂತಿಯನ್ನೂ ರೆಯೆಫ್‌ಸ್ಕಿ ಕಂಡುಹಿಡಿದ, ಯಾಕಂದ್ರೆ ನಾಜಿ ಪಕ್ಷದ ಗುಪ್ತಚರ ದಳ ಮಾತ್ರ ಇನ್ನೂ ಹಳೆ ಪದ್ಧತಿಯಲ್ಲೇ ಕೀ ಕಳಿಸುತ್ತಿತ್ತು. ಎಲ್ಲರೂ ಅಪ್‌ಡೇಟ್ ಮಾಡಿ ಒಬ್ಬ ಮಾಡದೇ ಇದ್ದರೆ ಏನಾಗುತ್ತೆ ಅಂತ ಸೆಕ್ಯುರಿಟಿ ಕ್ಲಾಸಿನಲ್ಲಿ ಹೇಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. ಆದರೆ ತಂತಿ ಗೊತ್ತಾದರೂ 60 ಬಾಂಬಾ ಕಟ್ಟಲು, 60 ಜೊತೆ ಹಾಳೆ ಕೊರೆಯಲು ಪೋಲೆಂಡಿನ ಹತ್ತಿರ ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ.

1939ರ ಜುಲೈ ಕೊನೆ. ವಾರ್ಸಾ ಹೊರಗಿನ ಪಿರಿ ಎಂಬಲ್ಲಿ, ಕಾಡಿನ ನಡುವಿನ ಕಟ್ಟಡಕ್ಕೆ ಫ್ರೆಂಚರನ್ನೂ ಬ್ರಿಟಿಷರನ್ನೂ ಕರೆಸಿ ಪೋಲರು ಎಲ್ಲವನ್ನೂ ತೋರಿಸಿದರು. ವರ್ಷಗಟ್ಟಲೆ ಎನಿಗ್ಮಾ ಜೊತೆ ಗುದ್ದಾಡುತ್ತಿದ್ದ ಬ್ರಿಟನ್ನಿನ ಡಿಲ್ಲಿ ನಾಕ್ಸ್ ಕೇಳಿದ್ದು ಆ ಬಾಗಿಲಿನ ತಂತಿಗಳ ಕ್ರಮದ ಬಗ್ಗೆ. ವರ್ಣಮಾಲೆಯ ಕ್ರಮ ಅಂತ ಉತ್ತರ ಕೇಳಿ ಸಿಟ್ಟೋ ಬೆರಗೋ ತಿಳಿಯದಂತಾಯಿತು ಅವನಿಗೆ. ಎನಿಗ್ಮಾ ನಕಲುಗಳನ್ನು ಎರಡೂ ದೇಶಗಳಿಗೆ ಕೊಟ್ಟರು. ಐದು ವಾರ ಕಳೆದ ಮೇಲೆ ಜರ್ಮನಿ ಪೋಲೆಂಡಿನ ಮೇಲೆ ಬಿತ್ತು.

ರೆಯೆಫ್‌ಸ್ಕಿ ಹೆಂಡತಿ ಮಕ್ಕಳನ್ನು ವಾರ್ಸಾದಲ್ಲೇ ಬಿಟ್ಟು ಕಚೇರಿಯವರೊಡನೆ ಹೊರಟ. ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಸೆಪ್ಟೆಂಬರ್ 17ಕ್ಕೆ ರೊಮೇನಿಯಾ ಗಡಿ ದಾಟಿದರು. ಬುಕಾರೆಸ್ಟಿನ ಬ್ರಿಟಿಷ್ ರಾಯಭಾರ ಕಚೇರಿಗೆ ಹೋದರೆ ಗಲಾಟೆಯಲ್ಲಿದ್ದ ಅವರು ಆಮೇಲೆ ಬನ್ನಿ ಎಂದರು. ಫ್ರೆಂಚರ ಬಾಗಿಲು ತಟ್ಟಿದರು, ಅವರು ಕೂಡಲೇ ಪ್ಯಾರಿಸ್‌ಗೆ ಕಳಿಸಿದರು. ಪ್ಯಾರಿಸ್ ಹತ್ತಿರದ ಬ್ರೂನೋ ಎಂಬ ಗುಪ್ತ ಕೇಂದ್ರದಲ್ಲಿ ಕೆಲಸ ಮತ್ತೆ ಶುರು. 1940ರ ಜನವರಿಯಲ್ಲಿ ಅಲ್ಲಿಗೆ ಬಂದು ಹಾಳೆಗಳನ್ನು ಕೊಟ್ಟವನು ಅಲನ್ ಟ್ಯೂರಿಂಗ್. ಬ್ರಿಟಿಷರು ಅಷ್ಟರಲ್ಲಿ 60 ಜೊತೆಯನ್ನೂ ತಯಾರಿಸಿದ್ದರು.

ಬ್ರೂನೋ ಮತ್ತು ಬ್ಲೆಚ್ಲಿ ನಡುವೆ ಒಂದು ಟೆಲಿಪ್ರಿಂಟರ್ ಲೈನು. ಕಂಡುಹಿಡಿದ ದಿನದ ಕೀಗಳನ್ನು ಅದರ ಮೇಲೆ ಹಂಚಿಕೊಳ್ಳಬೇಕು. ಜರ್ಮನರ ಕೈಗೆ ಆ ಸಾಲು ಸಿಕ್ಕಿದರೆ ಎಲ್ಲ ಮುಗೀತು. ಹಾಗಾಗಿ ಅದನ್ನೂ ಗೂಢಲಿಪಿಯಲ್ಲೇ ಕಳಿಸುತ್ತಿದ್ದರು, ಬಳಸಿದ ಯಂತ್ರ ಎನಿಗ್ಮಾದ ನಕಲು! ಫ್ರೆಂಚ್ ಅಧಿಕಾರಿ ಆನ್ರಿ ಬ್ರಾಕೆನಿಯೇ ತಮಾಷೆಗೆ ಸಂದೇಶದ ಕೊನೆಗೆ ಹಿಟ್ಲರನಿಗೊಂದು ಜೈಕಾರ ಸೇರಿಸುತ್ತಿದ್ದನಂತೆ.

1940ರ ಮೇ ತಿಂಗಳಲ್ಲಿ ಜರ್ಮನರಿಗೆ ಕೊನೆಗೂ ಬುದ್ಧಿ ಬಂತು, ಎರಡು ಸಲ ಕಳಿಸೋದನ್ನು ನಿಲ್ಲಿಸಿದರು. ಜಿಗಾಲ್‌ಸ್ಕಿ ಹಾಳೆಗಳು ಒಂದೇ ರಾತ್ರಿಯಲ್ಲಿ ಕೆಲಸಕ್ಕೆ ಬಾರದಾದವು. ಸಂದೇಶದಲ್ಲಿ ಇರಬಹುದಾದ ಪದ ಊಹಿಸಿ ಒಡೆಯುವ ಟ್ಯೂರಿಂಗನ ಯಂತ್ರಕ್ಕೆ ಅದರ ಹಂಗಿರಲಿಲ್ಲ. ಕತೆ ಬ್ರಿಟನ್ನಿಗೆ ವಾಲಿತು, ಸಿನಿಮಾಗಳು ಶುರುವಾಗೋದೂ ಅಲ್ಲಿಂದಲೇ.

ಫ್ರಾನ್ಸ್ ಬಿದ್ದಿತು. ಪೋಲರನ್ನು ವಿಮಾನದಲ್ಲಿ ಅಲ್ಜೀರಿಯಾಕ್ಕೆ ಸಾಗಿಸಿ, ಆಮೇಲೆ ದಕ್ಷಿಣ ಫ್ರಾನ್ಸಿಗೆ ಕಳ್ಳತನದಲ್ಲಿ ವಾಪಸ್ ಕರೆತಂದರು. ರೆಯೆಫ್‌ಸ್ಕಿಯ ಹೊಸ ಹೆಸರು ಪಿಯೆರ್ ರನೋ, ನಾಂತ್ ಊರಿನ ಶಾಲಾ ಮಾಸ್ತರ. ಉಜೆಸ್ ಪಟ್ಟಣದ ಹತ್ತಿರದ ಬಂಗಲೆಯೊಂದರಲ್ಲಿ ಕಾದಿಜ್ ಎಂಬ ಸಂಕೇತನಾಮದ ಕೇಂದ್ರ. ಅಲ್ಲಿಂದ ಲಂಡನ್ನಿನ ಪೋಲಿಷ್ ಸೇನಾ ಕಚೇರಿಗೆ ಮಾತಾಡಲು ಬಳಸುತ್ತಿದ್ದದ್ದು ಪೋಲೆಂಡೇ ರೂಪಿಸಿದ ಲಾಚಿಡಾ ಎಂಬ ಯಂತ್ರ. 1941ರ ಜುಲೈಯಲ್ಲಿ ಮುಖ್ಯಸ್ಥ ಲಾಂಗರ್ ಸುಮ್ಮನೆ ಪರೀಕ್ಷೆಗೆ ಅಂತ ಆ ಯಂತ್ರದ ಒಂದೆರಡು ಸಂದೇಶಗಳನ್ನು ರೆಯೆಫ್‌ಸ್ಕಿಗೂ ಜಿಗಾಲ್‌ಸ್ಕಿಗೂ ಕೊಟ್ಟ. ಮೊದಲನೆಯದು ಎರಡು ಗಂಟೆಯೊಳಗೆ ಬಿಚ್ಚಿಕೊಂಡಿತು. ಎನಿಗ್ಮಾ ಒಡೆದ ಕಚೇರಿಯೇ ತನ್ನ ಯಂತ್ರವನ್ನು ಅಷ್ಟು ವರ್ಷ ತನ್ನವರ ಕೈಗೇ ಕೊಟ್ಟು ನೋಡಿರಲಿಲ್ಲ. ಶತ್ರುವಿನ ಲೈನು ಕೇಳುವವರು ತಮ್ಮ ಲೈನನ್ನೂ ಅದೇ ಕಿವಿಯಲ್ಲಿ ಕೇಳಬೇಕಲ್ಲ.

1942ರ ಜನವರಿ 9ರಂದು ಲಾಮೊರಿಸಿಯೇರ್ ಎಂಬ ಪ್ರಯಾಣಿಕರ ಹಡಗು ಮೆಡಿಟರೇನಿಯನ್ನಿನಲ್ಲಿ ಮುಳುಗಿತು. ಅಲ್ಜೀರಿಯಾದಿಂದ ಹಿಂದಿರುಗುತ್ತಿದ್ದ ರುಜಿತ್‌ಸ್ಕಿ ಅದರಲ್ಲಿದ್ದ. ಮೂವರಲ್ಲಿ ಕಿರಿಯವನು ಅವನೇ. ಅದೇ ನವೆಂಬರಿನಲ್ಲಿ ಜರ್ಮನರು ದಕ್ಷಿಣ ಫ್ರಾನ್ಸಿಗೂ ನುಗ್ಗಿದರು, ಕೇಂದ್ರ ಖಾಲಿಯಾಯಿತು. 1943ರ ಜನವರಿ 29ರ ರಾತ್ರಿ ರೆಯೆಫ್‌ಸ್ಕಿ ಮತ್ತು ಜಿಗಾಲ್‌ಸ್ಕಿ ಒಬ್ಬ ದಾರಿತೋರಿಸುವವನ ಹಿಂದೆ ಪಿರಿನೀಸ್ ಬೆಟ್ಟ ಹತ್ತಿದರು. ನಡುದಾರಿಯಲ್ಲಿ ಆ ಪುಣ್ಯಾತ್ಮ ಪಿಸ್ತೂಲು ತೆಗೆದು ಉಳಿದಿದ್ದ ದುಡ್ಡನ್ನೆಲ್ಲ ಕಿತ್ತುಕೊಂಡ. ಸ್ಪೇನ್ ಸೇರಿದ ಮೇಲೆ ಪೊಲೀಸರು ಹಿಡಿದರು, ಮೇ 4ರವರೆಗೆ ಜೈಲು. ಪೋರ್ಚುಗಲ್, ಜಿಬ್ರಾಲ್ಟರ್ ದಾಟಿ ಆಗಸ್ಟ್ 3ಕ್ಕೆ ಇಂಗ್ಲೆಂಡ್ ಮುಟ್ಟಿದರು.

ಮೇಲಧಿಕಾರಿಗಳಾದ ಲಾಂಗರ್ ಮತ್ತು ಚೆಂಷ್ಕಿ ಆ ಬೆಟ್ಟ ದಾಟಲಾಗದೆ ಜರ್ಮನರ ಕೈಗೆ ಸಿಕ್ಕಿಬಿದ್ದಿದ್ದರು. ಆವಾ ಕಾರ್ಖಾನೆಯ ಇಂಜಿನಿಯರ್ ಅಂಟೋನಿ ಪಾಲುತ್ ಕೂಡ ಸೆರೆಯಾಗಿ, 1944ರಲ್ಲಿ ಜರ್ಮನ್ ಶಿಬಿರದಲ್ಲೇ ಸತ್ತ. ವಿಚಾರಣೆ ನಡೆಯಿತು, ಆದರೆ ಎನಿಗ್ಮಾ ಒಡೆದಿದೆ ಅನ್ನೋ ಗುಟ್ಟು ಜರ್ಮನರಿಗೆ ಕೊನೆಯವರೆಗೂ ಸಿಗಲಿಲ್ಲ. ಇವರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೂ ಬ್ಲೆಚ್ಲಿಯ ಸಾವಿರಾರು ಜನರ ಕೆಲಸ ನಿಂತುಹೋಗುತ್ತಿತ್ತು.

ಇಂಗ್ಲೆಂಡಿನಲ್ಲಿ ಏನು ಸಿಕ್ಕಿತು? ಬ್ಲೆಚ್ಲಿಗೆ ಕರೆಯಲಿಲ್ಲ. ಎನಿಗ್ಮಾ ಮುಟ್ಟಲೂ ಕೊಡಲಿಲ್ಲ. ರೆಯೆಫ್‌ಸ್ಕಿಯನ್ನು ಪೋಲಿಷ್ ಸೈನ್ಯದ ಸಾಮಾನ್ಯ ಸಿಪಾಯಿಯಾಗಿ ಸೇರಿಸಿಕೊಂಡು, ಲಂಡನ್ ಹತ್ತಿರದ ಬಾಕ್ಸ್‌ಮೂರ್‌ನಲ್ಲಿ ಜರ್ಮನರ ಕೈಬರಹದ ಗೂಢಲಿಪಿಗಳನ್ನು ಬಿಡಿಸಲು ಕೂರಿಸಿದರು. ಶತ್ರು ನೆಲದಲ್ಲಿ ಇದ್ದು ಬಂದವರನ್ನು ಒಳಗೆ ಬಿಡಬಾರದು ಅನ್ನೋದು ಭದ್ರತೆಯ ತರ್ಕ. ತರ್ಕ ಸರಿ ಇರಬಹುದು, ನನಗೇನೋ ಇದು ಅನ್ಯಾಯ ಅಂತಲೇ ಅನ್ನಿಸುತ್ತೆ. ಪಿರಿಯಲ್ಲಿ ಎಲ್ಲವನ್ನೂ ಬಿಚ್ಚಿ ಕೊಟ್ಟವನಿಗೆ, ಆ ಬಿತ್ತ ಎಷ್ಟು ದೊಡ್ಡ ಮರವಾಗಿದೆ ಅಂತ ಕೂಡ ಯಾರೂ ಹೇಳಲಿಲ್ಲ.

ಯುದ್ಧ ಮುಗಿಯಿತು. ಜಿಗಾಲ್‌ಸ್ಕಿ ಇಂಗ್ಲೆಂಡಿನಲ್ಲೇ ಉಳಿದು ಮೇಷ್ಟ್ರಾದ. ರೆಯೆಫ್‌ಸ್ಕಿ 1946ರ ನವೆಂಬರಿನಲ್ಲಿ ಪೋಲೆಂಡಿಗೆ ಮರಳಿದ, ಏಳು ವರ್ಷಗಳ ನಂತರ ಹೆಂಡತಿ ಮಕ್ಕಳ ಮುಖ ನೋಡಿದ. ಹಳೆಯ ಪ್ರೊಫೆಸರ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಬಾ ಎಂದರು. ಆದರೆ 1947ರ ಬೇಸಿಗೆಯಲ್ಲಿ ಹನ್ನೊಂದು ವರ್ಷದ ಆಂದ್ಜೆಗೆ ಪೋಲಿಯೋ ಬಂತು. ಐದು ದಿನ, ಅಷ್ಟೇ. ಅದಾದ ಮೇಲೆ ರೆಯೆಫ್‌ಸ್ಕಿ ಹೆಂಡತಿ ಮಗಳನ್ನು ಬಿಟ್ಟು ಎಲ್ಲಿಗೂ ಹೋಗಲು ಒಪ್ಪಲಿಲ್ಲ. ಹುಟ್ಟಿದೂರು ಬಿದ್‌ಗೋಶ್ಚ್‌ನ ಕೇಬಲ್ ಕಾರ್ಖಾನೆಯ ಮಾರಾಟ ವಿಭಾಗದಲ್ಲಿ ಕೆಲಸ ಹಿಡಿದ. ಆಮೇಲೂ ಲೆಕ್ಕಪತ್ರದ ಇಂಥವೇ ಗುಮಾಸ್ತೆ ಕೆಲಸಗಳು.

ಯುದ್ಧಕ್ಕೆ ಮುಂಚಿನ ಸೇನಾ ಗುಪ್ತಚರ ವಿಭಾಗದಲ್ಲಿದ್ದವರು, ಪಶ್ಚಿಮದಿಂದ ಬಂದವರು ಅಂದರೆ ಹೊಸ ಕಮ್ಯುನಿಸ್ಟ್ ಸರ್ಕಾರಕ್ಕೆ ಅನುಮಾನ. ಗುಪ್ತ ಪೊಲೀಸರು ಅವನ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟಿದ್ದರು. ಅವರ ಕಡತಕ್ಕೆ ಸಿಕ್ಕಿದ್ದು ಮಿತಭಾಷಿ ನೌಕರನೊಬ್ಬ. ತಾವು ಹಿಂಬಾಲಿಸುತ್ತಿರೋದು ಯಾರನ್ನು ಅಂತ ಅವರಿಗೆ ತಿಳಿಯಲೇ ಇಲ್ಲ. ಹಾಗೆ ನೋಡಿದರೆ ಪಕ್ಕದ ಮೇಜಿನವರಿಗೂ ತಿಳಿದಿರಲಿಲ್ಲ.

1967ರಲ್ಲಿ ನಿವೃತ್ತನಾದ. ಅದೇ ವರ್ಷ ತನ್ನ ನೆನಪುಗಳನ್ನು ಬರೆದು ಸೇನಾ ಇತಿಹಾಸ ಸಂಸ್ಥೆಗೆ ಕೊಟ್ಟ, ಪ್ರಕಟಣೆಗಲ್ಲ, ದಾಖಲೆಗೆ. 1969ರಲ್ಲಿ ಸಂಸಾರ ವಾರ್ಸಾಗೆ ಬಂತು, ಯುದ್ಧಕ್ಕೆ ಮುಂಚೆ ಮಾವನ ಸಹಾಯದಿಂದ ಕೊಂಡಿದ್ದ ಅದೇ ಮನೆಗೆ. 1973ರಲ್ಲಿ ಬೆರ್ತ್ರಾಂ ಫ್ರಾನ್ಸಿನಲ್ಲಿ ಎನಿಗ್ಮಾ ಬಗ್ಗೆ ಪುಸ್ತಕ ಬರೆದು ಪೋಲರ ಹೆಸರು ಹೊರಹಾಕಿದ ಮೇಲೆಯೇ ರೆಯೆಫ್‌ಸ್ಕಿ ಬಾಯಿ ತೆರೆದದ್ದು. ಮರುವರ್ಷ ಬ್ರಿಟನ್ನಿನಲ್ಲಿ ವಿಂಟರ್‌ಬಾಥಮ್‌ನ ಪುಸ್ತಕ ಬಂದು ಬ್ಲೆಚ್ಲಿಯ ಗುಟ್ಟು ಬಯಲಾಯಿತು. ನಲವತ್ತು ವರ್ಷ ಹಿಂದಿನ ಸಮೀಕರಣಗಳನ್ನು ಆತ ಗಣಿತದ ಲೇಖನವಾಗಿ ಬರೆದ. ಸಂದರ್ಶನಕ್ಕೆ ಬಂದವರಿಗೆ ಸಮಾಧಾನದಿಂದ ವಿವರಿಸಿದ. ಇಂಗ್ಲಿಷ್ ಪುಸ್ತಕಗಳಲ್ಲಿ ತನ್ನ ಕೆಲಸದ ಬಗ್ಗೆ ಇದ್ದ ತಪ್ಪುಗಳನ್ನು ಪುಟ ಪುಟವಾಗಿ ಗುರುತು ಮಾಡಿ ತಿದ್ದಿದ.

1976ರಲ್ಲಿ ಅಮೆರಿಕದ ಪಿಲ್ಸುಡ್‌ಸ್ಕಿ ಸಂಸ್ಥೆಯಿಂದ ಒಂದು ಕೋರಿಕೆ ಬಂತು. 1904ರಲ್ಲಿ ಯೂಜೆಫ್ ಪಿಲ್ಸುಡ್‌ಸ್ಕಿ ಮತ್ತು ಅವನ ಕ್ರಾಂತಿಕಾರಿ ಗೆಳೆಯರು ಬರೆದುಕೊಂಡಿದ್ದ ಗೂಢಲಿಪಿಯ ಪತ್ರಗಳಿವೆ, ಓದೋಕಾಗುತ್ತಾ ಅಂತ. ತಾನು ಹುಟ್ಟುವ ಮುಂಚಿನ ಆ ಕಾಗದಗಳನ್ನು ಎಪ್ಪತ್ತು ದಾಟಿದ ಅಜ್ಜ ಮೇಜಿನ ಮೇಲೆ ಹರಡಿಕೊಂಡು ಕೂತ, ಬಿಡಿಸಿಕೊಟ್ಟ. 1980ರ ಫೆಬ್ರವರಿ 13ರಂದು ಅಂಗಡಿಗೆ ಹೋಗಿ ಸಾಮಾನು ತಂದ ಮೇಲೆ ಹೃದಯಾಘಾತವಾಗಿ ತೀರಿಕೊಂಡ. ವಾರ್ಸಾದ ಪೊವೊಂಜ್ಕಿ ಸೇನಾ ಸ್ಮಶಾನದಲ್ಲಿ ಸೈನಿಕ ಗೌರವದೊಂದಿಗೆ ಮಣ್ಣು ಮಾಡಿದರು.